ಹಿಗ್ಗು ಕುಗ್ಗುಗಳ ನಡುವೆ: ಕುಡಿತ ಬಿಟ್ಟ ಮೊದಲ ವರುಷ

ಮದ್ಯಪಾನದ ಕೇಡನ್ನು ಕುರಿತು ಬರೆದವರಿಗೆ, ಹಾಡಿದವರಿಗೆ, ಪ್ರವಚನ ಮಾಡಿದವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಕಂಪನಿ ನಾಟಕಗಳಲ್ಲಂತೂ ಇದು ಹಳೆಯ ವಸ್ತು. ಕುಡುಕನಾದ ಗಂಡ, ಕಣ್ಣೀರಿಡುವ ಹೆಂಡತಿ, ಮಾರಿಹೋದ ಜೋಡೆತ್ತು. ಕೊನೆಯ ಅಂಕದಲ್ಲಿ ಆತನಿಗೆ ಜ್ಞಾನೋದಯವಾಗುತ್ತದೆ, ಸೀಸೆ ಒಡೆಯುತ್ತದೆ, ಮಂಗಳ ಹಾಡುತ್ತಾರೆ. ಪರದೆ ಬಿದ್ದ ಮರುದಿನ ಮುಂಜಾನೆ ಆ ಮನುಷ್ಯ ಹೇಗೆ ಎದ್ದ, ಮೂರನೆಯ ತಿಂಗಳಲ್ಲಿ ಅವನ ಮನಸ್ಸು ಯಾವ ಸ್ಥಿತಿಯಲ್ಲಿತ್ತು, ಅವನ ಹೆಂಡತಿಗೆ ನಿದ್ದೆ ಬಂತೋ ಇಲ್ಲವೋ ಎಂಬುದನ್ನು ಯಾವ ನಾಟಕಕಾರನೂ ಬರೆದಂತೆ ಕಾಣೆ. ಪ್ರಸ್ತುತ ಲೇಖನವು ಆ ಮರುದಿನಗಳನ್ನು ಕುರಿತದ್ದು.

ಈ ವಿಷಯದಲ್ಲಿ ನಮ್ಮ ಹಿಂದಿನ ಅಖಂಡ ವಿಜಾಪುರ ಜಿಲ್ಲೆಗೆ ಒಂದು ಹಿರಿಮೆಯುಂಟು. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನಮಠದ ಪೂಜ್ಯ ಡಾ. ಮಹಾಂತ ಸ್ವಾಮಿಗಳು (1930–2018) 1975ರಲ್ಲಿ ಜೋಳಿಗೆ ಹಿಡಿದು ಜನರ ಓಣಿಗಳಿಗೆ ಇಳಿದರು. ಜಂಗಮನ ಜೋಳಿಗೆಯಲ್ಲಿ ಕಾಳುಕಡಿ ಬೀಳುವುದು ರೂಢಿ. ಅವರು ಬೇಡಿದ್ದು ಸಾರಾಯಿಯ ಸೀಸೆಯನ್ನು, ಬೀಡಿಯ ಕಟ್ಟನ್ನು, ಗುಟಕಾದ ಚೀಟಿಯನ್ನು. ‘ನಿಮ್ಮ ದುಶ್ಚಟಗಳನ್ನು ನನಗೆ ಭಿಕ್ಷೆ ನೀಡಿ’ ಎಂಬುದೇ ಆ ಭಿಕ್ಷಾಟನೆಯ ತಿರುಳು. ‘ಮಹಾಂತ ಜೋಳಿಗೆ’ ಎಂದೇ ಅದು ನಾಡಿನಲ್ಲೆಲ್ಲ ಪ್ರಸಿದ್ಧವಾಯಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತ ಬಂದಿದೆ.

ಜೋಳಿಗೆಗೆ ಚಟವನ್ನು ಹಾಕುವ ಆ ಗಳಿಗೆಯ ಬಲವನ್ನು ಕಡಿಮೆಯೆಂದು ಎಣಿಸಲಾಗದು. ಊರ ಮಂದಿಯೆದುರು, ಗುರುವಿನೆದುರು, ತನ್ನ ಮಕ್ಕಳೆದುರು ಒಬ್ಬನು ತಲೆಬಾಗಿ ಸೀಸೆಯನ್ನು ಒಪ್ಪಿಸುವಾಗ ಅವನ ಎದೆಯಲ್ಲಿ ಏಳುವ ಅಲೆ ಸಾಮಾನ್ಯವಾದದ್ದಲ್ಲ. ಅನೇಕರು ಆ ಒಂದು ಗಳಿಗೆಯ ಬಲದಿಂದಲೇ ಇಡೀ ಜೀವಮಾನವನ್ನು ದಾಟಿದ್ದಾರೆ. ಆದರೆ ಜೋಳಿಗೆಯು ಮುಂದಿನ ಓಣಿಗೆ ಸಾಗಬೇಕು. ಆತನು ತನ್ನ ಮನೆಗೆ ಮರಳಬೇಕು. ಮರಳಿದ ಮೇಲೆ ಅವನ ದೇಹಮನಸ್ಸುಗಳಲ್ಲಿ ನಡೆಯುವುದನ್ನು ಅವನೂ ಅರಿಯನು, ಮನೆಯವರೂ ಅರಿಯರು. ಅರಿಯದಿರುವುದರಿಂದಲೇ ಎಷ್ಟೋ ಮನೆಗಳಲ್ಲಿ ಕೈಗೆ ಬಂದ ಬದುಕು ಮತ್ತೆ ಜಾರುತ್ತಿದೆ.

ಮೊದಲ ಐದಾರು ದಿನಗಳ ಮಾತು ಮನಸ್ಸಿಗಿಂತ ದೇಹಕ್ಕೆ ಸಂಬಂಧಿಸಿದ್ದು. ಅದನ್ನು ಮೊದಲು ಮುಗಿಸಿಬಿಡೋಣ. ದಿನವೂ, ಅದರಲ್ಲಿಯೂ ಬೆಳಗಿನಿಂದಲೇ ಕುಡಿಯುತ್ತಿದ್ದವನು ಒಮ್ಮೆಲೆ ನಿಲ್ಲಿಸಿದರೆ 6ರಿಂದ 24 ಗಂಟೆಗಳೊಳಗಾಗಿ ಕೈನಡುಕ, ಬೆವರು, ವಾಕರಿಕೆ, ಎದೆಬಡಿತಗಳು ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಮೂರ್ಛೆರೋಗದಂತಹ ಸೆಳೆತ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇನ್ನು ಕೆಲವರಿಗೆ ಬುದ್ಧಿ ಭ್ರಮಿಸಿ, ಗೋಡೆಯ ಮೇಲೆ ಇಲ್ಲದ ಹುಳುಗಳು ಕಾಣುತ್ತವೆ, ಇಲ್ಲದ ದನಿಗಳು ಕೇಳುತ್ತವೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಪ್ರಾಣವೇ ಹೋಗಬಹುದು. ನಮ್ಮ ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕಿತೆಂದು ತಿಳಿದು ತಾಯತ ಕಟ್ಟಿಸುವವರಿದ್ದಾರೆ, ಕೋಣೆಯಲ್ಲಿ ಕೂಡಿ ಚಿಲಕ ಹಾಕುವವರೂ ಇದ್ದಾರೆ. ಎರಡೂ ತಪ್ಪು. ಇಂಥವರು ಬಿಡುವುದಕ್ಕೆ ಮೊದಲೇ ಆಸ್ಪತ್ರೆಗೆ ಹೋಗಬೇಕು. ಒಂದು ವಾರದ ಮಾತ್ರೆ, ಥಯಾಮಿನ್ ಎಂಬ ಜೀವಸತ್ವ, ವೈದ್ಯರ ಕಣ್ಗಾವಲು ಇವಿಷ್ಟಿದ್ದರೆ ಈ ಘಟ್ಟ ದಾಟುತ್ತದೆ. ವ್ರತ ಹಿಡಿದವನು ಔಷಧ ತೆಗೆದುಕೊಂಡರೆ ವ್ರತಕ್ಕೆ ಊನವೆಂಬ ಮಾತು ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಇನ್ನು ಹಿಗ್ಗಿನ ಮಾತು. ಮೊದಲ ವಾರ ಕಳೆದು, ನಡುಕ ನಿಂತು, ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದೊಡನೆ ಅನೇಕರಲ್ಲಿ ಒಂದು ಹೊಸ ಬೆಳಕು ಮೂಡುತ್ತದೆ. ಬಿಸಿರೊಟ್ಟಿಗೆ ರುಚಿ ಬರುತ್ತದೆ. ಬೆಳಗಿನ ತಂಗಾಳಿ ಹಿತವಾಗುತ್ತದೆ. ಸಂಜೆಗೆ ಕಿಸೆಯಲ್ಲಿ ಕೂಲಿಯ ಹಣ ಉಳಿದಿರುತ್ತದೆ. ಆತ ಜಳಕ ಮಾಡಿ, ವಿಭೂತಿ ಧರಿಸಿ, ಶುಭ್ರವಾದ ಅಂಗಿ ತೊಟ್ಟು ಮಠಕ್ಕೆ ಬರುತ್ತಾನೆ. ನಿನ್ನೆಯವರೆಗೆ ಮುಖ ತಿರುಗಿಸುತ್ತಿದ್ದ ನೆರೆಹೊರೆಯವರು ‘ಏನು ಗೌಡರೆ’ ಎಂದು ಮಾತನಾಡಿಸುತ್ತಾರೆ. ವಿಷವಿಳಿದ ದೇಹದ ಹಗುರು, ಜನರ ಹೊಗಳಿಕೆ, ಗೆದ್ದೆನೆಂಬ ಭಾವ ಮೂರೂ ಕೂಡಿ ಅವನನ್ನು ನೆಲದಿಂದ ಒಂದು ಗೇಣು ಮೇಲೆತ್ತುತ್ತವೆ. ‘ಇನ್ನು ಕುಡಿತ ನನ್ನ ಉಗುರಿಗೂ ಸಮವಲ್ಲ’ ಎಂದು ಅವನು ಹೇಳುವುದನ್ನು ನಾವು ಕೇಳಿ ಸಂತೋಷಪಡುತ್ತೇವೆ.

1935ರಲ್ಲಿ ಅಮೆರಿಕದ ಒಹಾಯೋ ಪ್ರಾಂತದ ಆಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ವ್ಯವಹಾರಸ್ಥನೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನೂ ಪರಸ್ಪರ ಭೇಟಿಯಾದರು. ಇಬ್ಬರೂ ಕುಡಿತದಿಂದ ಬದುಕನ್ನು ಕೆಡಿಸಿಕೊಂಡವರು. ಒಬ್ಬರ ಕಷ್ಟವನ್ನು ಇನ್ನೊಬ್ಬರಿಗೆ ಹೇಳಿಕೊಳ್ಳುತ್ತ ಇಬ್ಬರೂ ಉಳಿದರು. ಅಲ್ಲಿಂದ ಹುಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗ. ಇಂದು ನಮ್ಮ ನಾಡಿನ ಪಟ್ಟಣಗಳಲ್ಲಿಯೂ ಅದರ ಸಭೆಗಳು ನಡೆಯುತ್ತವೆ. ಆ ಬಳಗದ ಹಳಬರು ಮೊದಲ ವಾರಗಳ ಈ ಹಿಗ್ಗಿಗೆ ‘ಗುಲಾಬಿ ಮೋಡ’ ಎಂದು ಹೆಸರಿಟ್ಟಿದ್ದಾರೆ. ನೋಡಲು ಚೆಲುವು, ಕಾಲೂರಿ ನಿಲ್ಲಲು ಬಾರದು. ಹೊಸಬನು ಅದರ ಮೇಲೆ ಕುಳಿತಾಗ ಅವರು ಅವನನ್ನು ಗದರಿಸುವುದಿಲ್ಲ. ಮುಂದಿನ ವಾರವೂ ಸಭೆಗೆ ಬಾ ಎಂದಷ್ಟೇ ಹೇಳುತ್ತಾರೆ.

ಹಿಗ್ಗು ಕೆಟ್ಟದ್ದೆಂದು ಇದರ ಅರ್ಥವಲ್ಲ. ಎಷ್ಟೋ ವರ್ಷ ಕತ್ತಲೆಯಲ್ಲಿದ್ದವನಿಗೆ ಅದು ದೊರೆಯಬೇಕಾದದ್ದೇ. ತೊಡಕಿರುವುದು ಆ ಹಿಗ್ಗಿನಲ್ಲಿ ಮಾಡುವ ನಿರ್ಧಾರಗಳಲ್ಲಿ. ಒಬ್ಬನು ಮೂರನೆಯ ವಾರದಲ್ಲಿಯೇ ಸಾಲ ಎತ್ತಿ ಟ್ರ್ಯಾಕ್ಟರಿಗೆ ಮುಂಗಡ ಕೊಡುತ್ತಾನೆ. ಇನ್ನೊಬ್ಬನು ಮಗಳ ಮದುವೆಯನ್ನು ಬರುವ ವೈಶಾಖಕ್ಕೇ ಮಾಡುವೆನೆಂದು ಬೀಗರಿಗೆ ಮಾತು ಕೊಡುತ್ತಾನೆ. ಮತ್ತೊಬ್ಬನು ಮಾತ್ರೆಗಳನ್ನು ನಿಲ್ಲಿಸುತ್ತಾನೆ. ಎಲ್ಲಕ್ಕಿಂತ ಅಪಾಯಕಾರಿಯಾದವನು ತನ್ನ ಮನೋಬಲವನ್ನು ತೋರಿಸಲೆಂದು ಹಳೆಯ ಗೆಳೆಯರ ನಡುವೆ ಬರಿಯ ಸೋಡಾ ಕುಡಿಯುತ್ತ ಕೂಡುವವನು. ನಾವು ಧಾರ್ಮಿಕ ವಲಯದವರೂ ಇದರಲ್ಲಿ ಪಾಲುದಾರರು. ಚಟ ಬಿಟ್ಟು ಹದಿನೈದು ದಿನವಾದವನನ್ನು ವೇದಿಕೆಗೆ ಕರೆದು, ಮಾಲೆ ಹಾಕಿ, ಮೈಕಿನ ಮುಂದೆ ನಿಲ್ಲಿಸುತ್ತೇವೆ. ಮುಂದೆ ಅವನ ಮನಸ್ಸು ಕುಗ್ಗಿದಾಗ ಆ ಮಾಲೆಯ ನೆನಪೇ ಅವನಿಗೆ ಹೊರೆಯಾಗುತ್ತದೆ. ಸನ್ಮಾನಕ್ಕೆ ಒಂದು ವರ್ಷ ತಡೆಯಬಾರದೇಕೆ?

ಶ್ರಾವಣದ ಮಾತನ್ನು ಇಲ್ಲಿಯೇ ಹೇಳಬೇಕು. ಬಸವನ ಬಾಗೇವಾಡಿಯ ಮೂಲನಂದೀಶ್ವರನ ಜಾತ್ರೆ ಶ್ರಾವಣದಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದಲೂ ಜನ ಬರುತ್ತಾರೆ. ಆ ತಿಂಗಳು ಕುಡಿತವನ್ನು ಮುಟ್ಟದವರು ನಮ್ಮಲ್ಲಿ ಬಹಳ ಮಂದಿ. ಮನೆಗಳಲ್ಲಿ ನೆಮ್ಮದಿ, ಸಂಜೆಗೆ ಪುರಾಣ, ಪ್ರವಚನ, ಭಜನೆ. ಶ್ರಾವಣ ಮುಗಿದು ಭಾದ್ರಪದ ಬಂದೊಡನೆ ಅನೇಕರು ಮತ್ತೆ ಹಳೆಯ ಹಾದಿ ಹಿಡಿಯುತ್ತಾರೆ. ‘ಶ್ರಾವಣ ಮುಗೀತು’ ಎಂದು ಜನ ನಗೆಯಾಡುವುದುಂಟು. ನಗೆಯಾಡುವಂಥದ್ದು ಇದರಲ್ಲಿ ಏನೂ ಇಲ್ಲ. ಒಂದು ತಿಂಗಳ ಸಂಯಮಕ್ಕೆ ಊರೇ ಜೊತೆಗಿತ್ತು. ಎರಡನೆಯ ತಿಂಗಳಿಗೆ ಯಾರೂ ಇಲ್ಲ. ಮನಸ್ಸು ಕುಗ್ಗಲು ತೊಡಗುವುದೂ ಬಹುಮಟ್ಟಿಗೆ ಆ ಎರಡನೆಯ ತಿಂಗಳಿನಲ್ಲಿಯೇ.

ನಮ್ಮ ತಾಲ್ಲೂಕಿನ ಹಳ್ಳಿಯೊಂದರಿಂದ ಒಬ್ಬ ತಾಯಿ ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದಿದ್ದಳು. ಆಕೆಯ ಯಜಮಾನರು ಜಾತ್ರೆಯಲ್ಲಿ ಆಣೆ ಮಾಡಿ ಕುಡಿತ ಬಿಟ್ಟು ಮೂರು ತಿಂಗಳಾಗಿತ್ತು. ಹರಕೆ ತೀರಿಸಲು ಬಂದಿರಬೇಕೆಂದು ನಾನು ಭಾವಿಸಿದೆ. ಆಕೆಯ ಕಣ್ಣಲ್ಲಿ ನೀರಿತ್ತು. “ಗುರುಗಳ, ಕುಡೀತಿದ್ದಾಗರೆ ಆಗೀಟು ಈಗೀಟು ನಗತಿದ್ರರಿ. ಬಿಟ್ಟ ಮ್ಯಾಲ ಮಾತೂ ಇಲ್ಲ, ಕತೀನೂ ಇಲ್ಲ. ರಾತ್ರಿ ಎದ್ದು ಅಂಗಳದಾಗ ಕುಂದರತಾರ. ಮಗ ಹತ್ರ ಹೋದ್ರ ಸಿಡಿಮಿಡಿ. ಬಿಡಿಸಿ ನಾನ ತಪ್ಪ ಮಾಡಿದ್ನೇನೋ ಅನಸ್ತದರಿ” ಎಂದಳು. ಇಂಥ ಮಾತನ್ನು ಆಕೆ ನೆರೆಯವರೆದುರು ಆಡುವಂತಿರಲಿಲ್ಲ. ಆಡಿದರೆ ‘ಗಂಡ ಕುಡಿತ ಬಿಟ್ಟರೂ ಇವಳಿಗೆ ಸಮಾಧಾನವಿಲ್ಲ’ ಎಂಬ ಚುಚ್ಚುಮಾತು ತಪ್ಪದು. ಆಣೆ ಮಾಡಿದಾಗ ಸುತ್ತ ಸೇರಿದ್ದ ಊರು ಈಗ ಆ ಮನೆಯತ್ತ ಸುಳಿಯುತ್ತಿರಲಿಲ್ಲ.

ಆಕೆ ಕಂಡದ್ದರಲ್ಲಿ ವಿಚಿತ್ರವೇನೂ ಇರಲಿಲ್ಲ. ಮದ್ಯವು ಮಿದುಳಿನಲ್ಲಿ ಸುಖದ ಅರಿವನ್ನು ನೀಡುವ ವ್ಯವಸ್ಥೆಯನ್ನು ವರ್ಷಗಟ್ಟಲೆ ಬಲವಂತವಾಗಿ ಬಡಿದೆಬ್ಬಿಸಿರುತ್ತದೆ. ಅತಿಯಾದ ಆ ಬಡಿತಕ್ಕೆ ಒಗ್ಗಿಕೊಳ್ಳಲೆಂದು ಮಿದುಳು ತನ್ನ ಸೂಕ್ಷ್ಮತೆಯನ್ನು ತಗ್ಗಿಸಿಕೊಂಡಿರುತ್ತದೆ. ಬಡಿಯುವ ಕೈ ಒಮ್ಮೆಲೆ ನಿಂತಾಗ ಮಗುವಿನ ನಗೆ, ಹಬ್ಬದ ಹೋಳಿಗೆ, ಹೊಲದ ಹಸಿರು ಇವು ಯಾವುವೂ ಆ ದಣಿದ ಮಿದುಳಿಗೆ ತಟ್ಟುವುದಿಲ್ಲ. ನಿದ್ದೆಯ ಲಯ ಮತ್ತೆ ಕೂಡಿಬರಲು ತಿಂಗಳುಗಳೇ ಬೇಕು. ಸಣ್ಣ ಮಾತಿಗೆ ಕೋಪ, ಕಾರಣವಿಲ್ಲದ ಅಂಜಿಕೆ, ಮರೆವು, ಏಕಾಗ್ರತೆಯಿಲ್ಲದಿರುವುದು ಇವೆಲ್ಲ ಈ ಅವಧಿಯ ಸಾಮಾನ್ಯ ಲಕ್ಷಣಗಳು. ಇವು ಒಂದೇ ಸಮನೆ ಇಳಿಯುತ್ತ ಹೋಗುವುದೂ ಇಲ್ಲ. ನಾಲ್ಕು ದಿನ ಹಗುರು, ಮೂರು ದಿನ ಭಾರ, ಮತ್ತೆರಡು ದಿನ ಹಗುರು ಎಂಬಂತೆ ಅಲೆಯಲೆಯಾಗಿ ಬರುತ್ತವೆ. ಬಸವಣ್ಣನವರು ಮನಸ್ಸನ್ನು ಕೊಂಬೆಯ ಮೇಲಿನ ಮಂಗಕ್ಕೆ ಹೋಲಿಸಿದರು. ಕುಡಿತ ಬಿಟ್ಟವನ ಮೊದಲ ತಿಂಗಳುಗಳಲ್ಲಿ ಆ ಮಂಗಕ್ಕೆ ಬಿಡುವೇ ಇಲ್ಲ.

ಇದರ ಮೇಲೆ ಲೋಕವ್ಯವಹಾರದ ಭಾರ. ಕುಡಿಯುತ್ತಿದ್ದಾಗ ಸಾಲಗಾರರ ಮುಖ ಮಬ್ಬುಮಬ್ಬಾಗಿತ್ತು. ಈಗ ಸ್ಪಷ್ಟವಾಗಿ ಕಾಣುತ್ತದೆ. ಯಾವ ರಾತ್ರಿ ಯಾರಿಗೆ ಏನೆಂದೆ, ಯಾರ ಮೇಲೆ ಕೈ ಎತ್ತಿದೆ ಎಂಬುದು ಒಂದೊಂದಾಗಿ ನೆನಪಿಗೆ ಬರುತ್ತದೆ. ಮಗ ಇನ್ನೂ ದೂರ ನಿಲ್ಲುತ್ತಾನೆ. ತಾನು ಬದಲಾದೆನೆಂದು ಅವನು ತಿಳಿದಿದ್ದಾನೆ. ಅವನ ಮಾತಿನ ಬೆಲೆ ಮಾತ್ರ ಮನೆಯಲ್ಲಿ ಇನ್ನೂ ಮೊದಲಿನಷ್ಟೇ ಇದೆ. ಹೊಸಬನಿಗೆ ಅತ್ಯಂತ ನೋವು ಕೊಡುವುದು ಇದೇ. ಹೆಂಡತಿ ಸಂಜೆ ಹತ್ತಿರ ಬಂದು ಉಸಿರಿನ ವಾಸನೆ ನೋಡುವುದು ಅವನಿಗೆ ತಿಳಿಯುತ್ತದೆ. ಆಕೆಯ ದೃಷ್ಟಿಯಿಂದ ಅದು ತಪ್ಪೂ ಅಲ್ಲ. ಹತ್ತು ವರ್ಷದ ಸುಳ್ಳನ್ನು ಮೂರು ತಿಂಗಳ ಸತ್ಯ ಅಳಿಸಲಾರದು.

ಈ ಕುಗ್ಗನ್ನು ಮೂರು ಬಗೆಯಲ್ಲಿ ತಪ್ಪಾಗಿ ಓದುತ್ತೇವೆ. ‘ಬಿಟ್ಟದ್ದರಿಂದಲೇ ಹೀಗಾಯಿತು, ಸ್ವಲ್ಪ ತೆಗೆದುಕೊಂಡರೆ ಸರಿಹೋಗುತ್ತೇನೆ’ ಎಂದು ಅವನೇ ತಿಳಿಯುತ್ತಾನೆ. ‘ಕದ್ದು ಕುಡಿಯುತ್ತಿರಬೇಕು’ ಎಂದು ಮನೆಯವರು ಶಂಕಿಸುತ್ತಾರೆ. ಮೂರನೆಯದು ನಮ್ಮಂಥವರ ಓದು: ಶ್ರದ್ಧೆ ಸಾಲದು, ಪೂರ್ವಕರ್ಮ, ಗುರುಕೃಪೆ ಆಗಲಿಲ್ಲ. ಮೂರರಲ್ಲಿ ಅತಿ ಹೆಚ್ಚು ಕೆಡುಕು ಮಾಡುವುದು ಮೂರನೆಯದೆಂದು ನನ್ನ ಅಭಿಪ್ರಾಯ. ಏಕೆಂದರೆ ಮೊದಲಿನ ಎರಡನ್ನು ಯಾರಾದರೂ ತಿದ್ದಬಹುದು. ಗುರುಪೀಠದ ಬಳಿಯಿಂದ ಬಂದ ಮಾತನ್ನು ತಿದ್ದುವವರಾರು?

ನಮ್ಮ ಎರೆಭೂಮಿಯ ರೈತನಿಗೆ ಇದನ್ನು ಬೇರೆ ರೀತಿಯಿಂದ ಹೇಳಬಹುದು. ಬೇಸಗೆಯಲ್ಲಿ ಬಿರುಕು ಬಿಟ್ಟ ಎರೆಹೊಲದ ಮೇಲೆ ಒಂದು ದೊಡ್ಡ ಮಳೆ ಬಿದ್ದರೆ ಹೊಲ ಕಪ್ಪಗೆ ಹೊಳೆಯುತ್ತದೆ. ಬಿತ್ತಲು ಕೈ ತುರಿಸುತ್ತದೆ. ಅನುಭವಸ್ಥ ರೈತನು ಮಾತ್ರ ಬಿತ್ತುವುದಿಲ್ಲ. ಮಣ್ಣನ್ನು ಕೆದಕಿ, ಮೇಲಿನ ಹಸಿ ಕೆಳಗಿನ ಹಸಿಯನ್ನು ಕೂಡಿದೆಯೇ ಎಂದು ನೋಡುತ್ತಾನೆ. ನಡುವೆ ಒಣಮಣ್ಣಿನ ಪದರ ಉಳಿದಿದ್ದರೆ ಮೊಳಕೆ ಎದ್ದ ಹದಿನೈದು ದಿನಕ್ಕೇ ಬಾಡುತ್ತದೆ. ಮೊದಲ ತಿಂಗಳ ಹಿಗ್ಗು ಆ ಮೇಲಿನ ಹಸಿ. ಮುಂದಿನ ತಿಂಗಳುಗಳ ಕುಗ್ಗು ನಡುವಿನ ಒಣಪದರ.

ಶರಣರ ಷಟ್‍ಸ್ಥಲ ಮಾರ್ಗವನ್ನು ಓದಿದವರಿಗೆ ಇಲ್ಲಿ ಒಂದು ಸಂಗತಿ ಹೊಳೆಯಬೇಕು. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಭಕ್ತಿಗಳನ್ನು ಹೇಳಲಾಗಿದೆ. ಆನಂದಕ್ಕೆ ಐದನೆಯ ಸ್ಥಾನ. ಶ್ರದ್ಧೆ ಹುಟ್ಟಿದೊಡನೆ ಆನಂದವೆಂದು ನಮ್ಮ ಹಿರಿಯರು ಹೇಳಲಿಲ್ಲ; ಶ್ರದ್ಧೆಯ ಮರುಮೆಟ್ಟಿಲಿಗೆ ನಿಷ್ಠೆಯನ್ನಿಟ್ಟರು, ಅದರ ಮೇಲೆ ಅವಧಾನವನ್ನಿಟ್ಟರು. ನಿಷ್ಠೆಯೆಂದರೆ ಮನಸ್ಸು ಒಲಿದಾಗಲೂ ಒಲಿಯದಿದ್ದಾಗಲೂ ಹಿಡಿದದ್ದನ್ನು ಬಿಡದಿರುವುದು. ಅವಧಾನವೆಂದರೆ ಎಚ್ಚರ: ಏನು ಉಣ್ಣುತ್ತಿದ್ದೇನೆ, ಎಲ್ಲಿ ಕುಳಿತಿದ್ದೇನೆ, ಯಾರೊಡನೆ ನಡೆಯುತ್ತಿದ್ದೇನೆ ಎಂಬ ಸಣ್ಣಸಣ್ಣ ಎಚ್ಚರ. ಷಟ್‍ಸ್ಥಲವು ಮದ್ಯವ್ಯಸನಿಗಳಿಗಾಗಿ ಹುಟ್ಟಿದ ಶಾಸ್ತ್ರವೆಂದು ನಾನು ಹೇಳುತ್ತಿಲ್ಲ. ಈಚೆಗೆ ವಚನಗಳಲ್ಲಿ ಅಣುವಿಜ್ಞಾನದಿಂದ ಆಡಳಿತಶಾಸ್ತ್ರದವರೆಗೆ ಎಲ್ಲವನ್ನೂ ಕಾಣುವವರಿದ್ದಾರೆ. ಆ ಸಾಲಿನಲ್ಲಿ ನಿಲ್ಲುವ ಇಚ್ಛೆ ನನಗಿಲ್ಲ. ಮನುಷ್ಯನ ಮನಸ್ಸು ಬದಲಾಗುವ ಕ್ರಮವನ್ನು ಅವರು ಬಲ್ಲವರಾಗಿದ್ದರು, ಆ ಕ್ರಮದಲ್ಲಿ ಮೊದಲ ಹಿಗ್ಗನ್ನು ಸಿದ್ಧಿಯೆಂದು ಎಣಿಸಲಿಲ್ಲ ಎಂಬಷ್ಟೇ ನನ್ನ ಮಾತು. ಮೊದಲದು ಸಿದ್ಧಿಯಲ್ಲವಾದರೆ ಅದರ ಬೆನ್ನಿಗೆ ಬರುವ ಕುಗ್ಗು ಪತನವೂ ಅಲ್ಲ.

ಆ ಶರಣರ ಗಣದಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಹೆಂಡ ಮಾರುವುದು ಅವನ ಕಾಯಕವಾಗಿತ್ತು. ಧರ್ಮೇಶ್ವರಲಿಂಗ ಅವನ ಅಂಕಿತ. ಆ ಕಾಯಕದ ಪರಿಭಾಷೆಯನ್ನೇ ಹಿಡಿದು ಅವನು ವಚನ ನುಡಿದನು. ಅಂಥವನನ್ನೂ ಕಲ್ಯಾಣವು ತನ್ನವನೆಂದು ಕೂಡಿಸಿಕೊಂಡಿತೆಂಬುದನ್ನು ಕುಡಿದವನ ನೆರಳು ಕಂಡರೆ ಬಾಗಿಲಿಕ್ಕುವ ನಮ್ಮ ಮಡಿವಂತರು ಒಮ್ಮೆ ನೆನೆಯಬೇಕು.

ಇನ್ನು ಮನೆಯವರು ಮಾಡಬಹುದಾದದ್ದು. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಯಾವುದೊಂದು ಹೆಚ್ಚಾದರೂ ಕುಡಿತದ ತವಕ ಎದ್ದು ಕುಳ್ಳಿರುತ್ತದೆಂದು ಈ ಕ್ಷೇತ್ರದಲ್ಲಿ ದುಡಿದವರೆಲ್ಲ ಹೇಳುತ್ತಾರೆ. ಆದ್ದರಿಂದ ಸಂಜೆ ಆರರ ಸುಮಾರಿಗೆ, ಅಂದರೆ ಅವನ ಕಾಲು ಅಂಗಡಿಯತ್ತ ತಿರುಗುತ್ತಿದ್ದ ಹೊತ್ತಿಗೆ, ಅವನ ಹೊಟ್ಟೆ ತುಂಬಿರಬೇಕು. ಇದು ಸಣ್ಣ ಮಾತೆನಿಸಬಹುದು. ಒಂದು ರೊಟ್ಟಿ, ಒಂದಿಷ್ಟು ಕಾಳುಪಲ್ಲೆ, ಒಂದು ಬಟ್ಟಲು ಮಜ್ಜಿಗೆ ಮಾಡುವ ಕೆಲಸವನ್ನು ಒಂದು ಗಂಟೆಯ ಉಪದೇಶ ಮಾಡಲಾರದು. ತವಕವು ಎಷ್ಟೇ ಜೋರಾಗಿ ಬಂದರೂ ಬಹುತೇಕ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಅವನು ಒಬ್ಬನೇ ಇರದಂತೆ ನೋಡಿಕೊಳ್ಳಬೇಕು. ಇಷ್ಟಲಿಂಗಪೂಜೆಯನ್ನು ಸಂಜೆಯೂ ಮಾಡುವ ರೂಢಿಯಿದ್ದ ಮನೆಗಳಲ್ಲಿ ಆ ಹೊತ್ತು ತಾನಾಗಿಯೇ ತುಂಬುತ್ತದೆ.

ಸಾಲದ ಲೆಕ್ಕವನ್ನು ಮುಚ್ಚಿಡುವುದೂ ಬೇಡ, ದಿನವೂ ಊಟಕ್ಕೆ ಕುಳಿತಾಗ ಎತ್ತುವುದೂ ಬೇಡ. ಒಂದು ವಹಿಯಲ್ಲಿ ಯಾರಿಗೆ ಎಷ್ಟೆಂದು ಬರೆದಿಟ್ಟು ತಿಂಗಳಿಗೊಂದು ದಿನ ಅದನ್ನು ತೆರೆಯಲಿ. ತೊಗರಿ, ಉಳ್ಳಾಗಡ್ಡಿ ಮಾರಿದ ದಿನದ ರೊಕ್ಕ ಬಹಳ ಮನೆಗಳನ್ನು ಕೆಡವಿದೆ. ಅಡತಿ ಅಂಗಡಿಗೆ ಅವನೊಬ್ಬನನ್ನೇ ಕಳಿಸದೆ, ಹಿರಿಯ ಮಗನೋ ತಮ್ಮನೋ ಜೊತೆಗೆ ಹೋಗುವುದು ಅಪಮಾನವಲ್ಲವೆಂದು ಅವನಿಗೆ ಮೊದಲೇ ಹೇಳಿ ಒಪ್ಪಿಸಬೇಕು. ಬೆನ್ನು ಹತ್ತಿ ಹೋಗುವುದು ಬೇಡ. ಗೋವಾ, ಪುಣೆ, ಕೊಲ್ಹಾಪುರದ ಕಡೆಗೆ ದುಡಿಯಲು ಹೋಗುವವರು ಮೊದಲ ವರ್ಷ ಹೋಗದಿದ್ದರೆ ಒಳಿತು. ಹೋಗಲೇಬೇಕಾದರೆ ಕುಟುಂಬಸಮೇತ ಹೋಗಲಿ.

ತಾಯಂದಿರಿಗೆ ಒಂದು ಎಚ್ಚರಿಕೆಯ ಮಾತು. ‘ಗೊತ್ತಾಗದಂತೆ ಕುಡಿತ ಬಿಡಿಸುವ ಔಷಧ’ ಎಂದು ಸಂತೆಯಲ್ಲಿ ಮಾರುವ ಪುಡಿಗಳನ್ನು ಪಲ್ಲೆಯಲ್ಲಿ ಬೆರೆಸಬಾರದು. ಡೈಸಲ್ಫಿರಾಮ್ ಎಂಬ ಮಾತ್ರೆಯೊಂದು ನಿಜವಾಗಿಯೂ ಉಂಟು. ಅದನ್ನು ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುತ್ತಾರೆ. ಅದು ಹೊಟ್ಟೆಯಲ್ಲಿರುವಾಗ ತಿಳಿಯದೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಎರವಾಗಬಹುದು.

ಆ ತಾಯಿಯ ಮನೆಯ ಕತೆ ಮುಂದೆ ಹೀಗಾಯಿತು. ಐದನೆಯ ತಿಂಗಳಿನಲ್ಲಿ, ತೊಗರಿ ಮಾರಿದ ಸಂಜೆ, ಯಜಮಾನರು ಕುಡಿದು ಬಂದರು. ಬೆಳಗಾದ ಮೇಲೆ ಆತನಾಡಿದ ಮಾತು ‘ಆಣೆ ಮುರೀತು, ಇನ್ನೇನು ಉಳೀತು’ ಎಂಬುದು. ಧರ್ಮದ ಹೆಸರಿನಲ್ಲಿ ಚಟ ಬಿಡಿಸುವ ನಾವೆಲ್ಲ ಈ ಮಾತಿನ ಮುಂದೆ ನಿಂತು ಆಲೋಚಿಸಬೇಕು. ಆಣೆಗೆ ಬಲವಿದೆ, ಮುರಿದ ಆಣೆಗೆ ಅದರ ಎರಡರಷ್ಟು ಬಲವಿದೆ. ವೈದ್ಯರ ಬಳಿ ಬಿಟ್ಟವನು ಒಮ್ಮೆ ಜಾರಿದರೆ ಮತ್ತೆ ವೈದ್ಯರ ಬಳಿಗೆ ಹೋಗುತ್ತಾನೆ. ದೇವರೆದುರು ಬಿಟ್ಟವನು ಜಾರಿದರೆ ತಾನು ವ್ರತಗೇಡಿಯೆಂದು ಗುಡಿಗೂ ಬಾರದೆ, ಮಠಕ್ಕೂ ಬಾರದೆ, ಒಂದು ದಿನದ ಕುಡಿತವನ್ನು ಆರು ತಿಂಗಳಿಗೆ ಬೆಳೆಸುತ್ತಾನೆ. ಮತ್ತೆ ಜಾರುವುದು ಈ ರೋಗದಲ್ಲಿ ಬಹಳ ಮಂದಿಗೆ ಆಗುವಂಥದ್ದು. ಅದರಿಂದ ಅಷ್ಟು ದಿನದ ಗುಣ ಅಳಿಸಿಹೋಗದು. ಆಣೆ ಮಾಡಿಸುವ ದಿನವೇ ಇದನ್ನು ಹೇಳಬೇಕು: ‘ಬಿದ್ದರೆ ಮರುದಿನ ಬೆಳಿಗ್ಗೆಯೇ ಇಲ್ಲಿಗೆ ಬಾ, ಬಾಗಿಲು ತೆರೆದಿರುತ್ತದೆ.’ ಹೇಳಿದರೆ ಸಡಿಲಬಿಟ್ಟಂತಾಗುವುದೆಂದು ಕೆಲವು ಹಿರಿಯರು ಆಕ್ಷೇಪಿಸುತ್ತಾರೆ. ಬಾಗಿಲು ಮುಚ್ಚಿದ್ದರಿಂದ ಬಿಗಿಯಾದವರನ್ನು ನಾನಂತೂ ಕಂಡಿಲ್ಲ. ಆ ಯಜಮಾನರನ್ನು ಅವರ ಸೋದರಮಾವ ಕೈಹಿಡಿದು ಕರೆತಂದರು. ಅಂದು ಆಣೆಯ ಮಾತೇ ಬರಲಿಲ್ಲ. ವಿಜಯಪುರದ ವೈದ್ಯರ ಬಳಿಗೆ ಹೋಗುವ ದಿನ ಗೊತ್ತುಮಾಡಿ, ಪ್ರಸಾದ ಮಾಡಿಸಿ ಕಳಿಸಿದೆವು.

ಒಂದು ಬಾರಿಯ ಸಮಾರಂಭ ಸಾಲದು, ಮತ್ತೆ ಮತ್ತೆ ಕೂಡಬೇಕೆಂಬುದನ್ನು ನಾಡಿನ ಕೆಲವು ಸಂಸ್ಥೆಗಳು ಅರಿತಿವೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ 8 ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳಿವೆ. ನಮ್ಮ ಮಠಗಳಿಗೆ ಇದು ಕಷ್ಟವಲ್ಲ. ಕಲ್ಯಾಣದಲ್ಲಿ ಬೇರೆ ಬೇರೆ ಕಾಯಕದ ಶರಣರು ಕೂಡಿ ತಮ್ಮ ಅನುಭವ ಹೇಳಿಕೊಂಡರೆಂದು ನಾವು ಹೆಮ್ಮೆಪಡುವವರು. ಸೋಮವಾರ ಸಂಜೆ ಮಠದ ಒಂದು ಕೋಣೆ, ಒಂದು ಚಾಪೆ, ಚಹಾ. ಮೈಕು ಬೇಡ, ಪ್ರವಚನ ಬೇಡ. ಬಿಟ್ಟವರು ನಾಲ್ಕು ಜನ ಕುಳಿತು ಆ ವಾರ ಹೇಗೆ ಕಳೆಯಿತೆಂದು ಹೇಳಿಕೊಳ್ಳಲಿ. ಪಕ್ಕದ ಕೋಣೆಯಲ್ಲಿ ಅವರ ಹೆಂಡಂದಿರು ಕೂಡಲಿ. ಆ ತಾಯಂದಿರಿಗೂ ಹಿಗ್ಗು ಕುಗ್ಗುಗಳಿವೆಯೆಂಬುದನ್ನು, ಗಂಡ ಬಿಟ್ಟ ಮೇಲೆಯೇ ಅವರ ವರ್ಷಗಳ ದಣಿವು ಹೊರಬೀಳುವುದೆಂಬುದನ್ನು ಯಾರೂ ಕೇಳುವುದಿಲ್ಲ.

ಎಲ್ಲ ಕುಗ್ಗೂ ತಾನಾಗಿ ಇಳಿಯುವಂಥದ್ದೆಂದು ಸುಮ್ಮನಿರುವಂತೆಯೂ ಇಲ್ಲ. ಕುಡಿತದಿಂದ ಬಂದ ಖಿನ್ನತೆಯ ಭಾರ ಬಿಟ್ಟ ಮೂರು ನಾಲ್ಕು ವಾರಗಳಲ್ಲಿ ಬಹಳ ಮಂದಿಗೆ ಇಳಿಮುಖವಾಗುತ್ತದೆ. ಆಮೇಲೆ ಉಳಿಯುವುದು ಅಲೆಯಂತೆ ಬಂದುಹೋಗುವ ಬೇಸರ. ಅಲೆಗಳ ನಡುವೆ ಹಗುರಾದ ದಿನಗಳೇ ಇಲ್ಲದೆ ಎರಡು ವಾರ ಕಳೆದರೆ, ಊಟ ನಿದ್ದೆ ಪೂರ್ತಿ ಕೆಟ್ಟರೆ, ‘ನಾನಿದ್ದು ಏನು ಫಲ’ ಎಂಬಂಥ ಮಾತು ಬಾಯಿಂದ ಬಂದರೆ ತಡಮಾಡಬಾರದು. ಅದು ಬೇರೆಯೇ ಚಿಕಿತ್ಸೆ ಬೇಡುವ ರೋಗ. ಅಂಥ ಮಾತು ಬಂದಾಗ ‘ಹಾಗೆಲ್ಲ ಅನ್ನಬಾರದು’ ಎಂದು ಬಾಯಿ ಮುಚ್ಚಿಸದೆ, ಏನು ಎನಿಸುತ್ತಿದೆಯೆಂದು ನೇರವಾಗಿ ಕೇಳಬೇಕು. ಮನೆಯಲ್ಲಿರುವ ಬೆಳೆಯ ಔಷಧದ ಡಬ್ಬಿಗಳನ್ನು ಆ ದಿನವೇ ಬೇರೆಡೆಗೆ ಸಾಗಿಸಬೇಕು. ಅವನನ್ನು ಒಬ್ಬನನ್ನೇ ಬಿಡಬಾರದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವ್ಯಸನಮುಕ್ತಿಗೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಹಣ ಕೊಡಬೇಕಿಲ್ಲ.

‘ಎಷ್ಟು ದಿನ ಹೀಗೆ’ ಎಂಬುದೇ ಎಲ್ಲರೂ ಕೇಳುವ ಪ್ರಶ್ನೆ. ನಿಶ್ಚಿತವಾದ ಎಣಿಕೆಯನ್ನು ವೈದ್ಯರೂ ಕೊಡುವುದಿಲ್ಲ. ನಾನು ಕಂಡ ಮನೆಗಳ ಮೇಲಿಂದ ಹೇಳುವುದಾದರೆ, ವರ್ಷದ ಚಕ್ರ ಒಂದು ಸಲ ಪೂರ್ತಿ ತಿರುಗಬೇಕು. ಕುಡಿಯದೆ ಒಂದು ಕಾರಹುಣ್ಣಿಮೆ, ಒಂದು ಶ್ರಾವಣ ಮತ್ತು ಅದರ ಮುಂದಿನ ಭಾದ್ರಪದ, ಒಂದು ದೀಪಾವಳಿ, ಒಂದು ಎಳ್ಳಮಾಸಿ, ಒಂದು ರಾಶಿ, ಬೀಗರ ಮನೆಯ ಒಂದು ಮದುವೆ ಕಳೆಯಬೇಕು. ಪ್ರತಿಯೊಂದೂ ಮೊದಲ ಸಲ ಕಠಿಣ, ಏಕೆಂದರೆ ಅದನ್ನು ಎಚ್ಚರದಲ್ಲಿ ಕಳೆದ ನೆನಪೇ ಅವನಿಗಿರುವುದಿಲ್ಲ. ಮೇಲೆ ಹೇಳಿದ ಯಜಮಾನರು ಎರಡನೆಯ ಎಳ್ಳಮಾಸಿಗೆ ಬಂಡಿ ಹೂಡಿ ಮನೆಮಂದಿಯನ್ನೆಲ್ಲ ಹೊಲಕ್ಕೆ ಕರೆದೊಯ್ದರೆಂದು ಆ ತಾಯಿ ಹೇಳಿಕಳಿಸಿದ್ದಳು. ಚರಗ ಚೆಲ್ಲುವಾಗ ಮಗ ತಂದೆಯ ಹಿಂದೆ ನೀರಿನ ತಂಬಿಗೆ ಹಿಡಿದು ನಡೆದನಂತೆ. ಯಜಮಾನರು ಈಗಲೂ ಕೆಲವು ರಾತ್ರಿ ಎದ್ದು ಅಂಗಳದಲ್ಲಿ ಕೂಡುತ್ತಾರೆ. ಆಕೆಯೂ ಎದ್ದು ಬಂದು ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂಡುತ್ತಾಳಂತೆ.